ಕರ್ಣನ ಮೇಲಣ ಒಲವು

ಮಳೆಗಾಲದಲ್ಲಿ ಊರಿನ ಯಕ್ಷಗಾನ ಕಲಾವಿದರು ಮುಂಬಯಿಗೆ ಬಂದು ‘ಕರ್ಣಪರ್ವ’ವನ್ನಾಡಿದರೆ, ದಿನವಿಡೀ ದುಡಿದು ದಣಿದ ಹೋಟೆಲಿನ ತರುಣರೂ ನಿದ್ದೆಗೆಟ್ಟು ನೋಡುವರು. ಅವರು ಮರುಗುವುದು ಬಿದ್ದ ಕರ್ಣನಿಗಾಗಿ. ಕರ್ಣನೇನೂ ನಿರ್ದೋಷಿಯಲ್ಲ, ತುಂಬಿದ ಸಭೆಯಲ್ಲಿ ದ್ರೌಪದಿಯನ್ನು ಹಳಿದವನು, ಬ್ರಾಹ್ಮಣನೆಂದು ಸುಳ್ಳಾಡಿ ಪರಶುರಾಮನಲ್ಲಿ ಅಸ್ತ್ರವಿದ್ಯೆ ಕಲಿತು ಶಾಪಗ್ರಸ್ತನಾದವನು. ಆದರೂ ಕ್ರಿ. ಶ. 941ರ ಸುಮಾರಿಗೆ ಅರ್ಜುನನನ್ನೇ ನಾಯಕನನ್ನಾಗಿಸಿ ಭಾರತವನ್ನು ಬರೆದ ಪಂಪನೂ ಕರ್ಣನನ್ನು ನೆನೆಯಬೇಕೆಂದನು. 1997ರಲ್ಲಿ ಆರಂಭವಾದ ಹ್ಯಾರಿ ಪಾಟರನ ಕಥೆಗಳಲ್ಲಿಯೂ ಎಡವುವ ಬಾಲಕನೇ ನಾಯಕನು. ಎಡವಿದವನಲ್ಲಿ ಯುವಜನರು ತಮ್ಮನ್ನು ಕಾಣುವರು.

ಹಿಂದೆ ಹೋಟೆಲು ನಡೆಸುತ್ತಿದ್ದಾಗ, ಜಾತಿ ಮರೆಸಿ ಅಡುಗೆಮನೆ ಸೇರಿದ್ದ ಹುಡುಗನೊಬ್ಬನನ್ನು ನಾವು ಹೊರಹಾಕಿದೆವು. ಪರಶುರಾಮನ ಶಾಪದ ಮಾತು ಬಂದಾಗಲೆಲ್ಲ ಆತನ ನೆನಪಾಗುವುದು. ಆತನಾಡಿದ್ದು ಸುಳ್ಳೇ ಸರಿ. ನಿಜ ನುಡಿದಿದ್ದರೆ ನಾವು ಕೆಲಸ ಕೊಡುತ್ತಿದ್ದೆವೇ?