ಮರದ ದಿಮ್ಮಿಯ ಅಳತೆ: ಯಾವ ಲೆಕ್ಕಕ್ಕೆ ಎಷ್ಟು ಘನ ಅಡಿ?

ತೋಟದ ಅಂಚಿನ ಹಲಸನ್ನೋ ತೇಗವನ್ನೋ ಮಾರುವ ನಮ್ಮ ಕೃಷಿಕರು ದರದ ವಿಷಯದಲ್ಲಿ ಬಹಳ ಚೌಕಾಶಿ ಮಾಡುತ್ತಾರೆ. ಅಳತೆಯನ್ನು ಮಾತ್ರ ವ್ಯಾಪಾರಿಯ ಕೈಗೆ ಬಿಟ್ಟುಬಿಡುತ್ತಾರೆ. ಮೂವತ್ತು ನಲುವತ್ತು ವರ್ಷ ಸಾಕಿದ ಮರದ ಬೆಲೆಯು ಟೇಪು ಹಿಡಿಯುವ ಒಂದು ಗಳಿಗೆಯಲ್ಲಿ ನಿರ್ಣಯವಾಗುವುದೆಂಬುದನ್ನು ಮರೆಯಬಾರದು. ಆದುದರಿಂದ ಅಳತೆಯ ಕ್ರಮಗಳನ್ನು ಒಂದೇ ಉದಾಹರಣೆಯಿಂದ ಹೋಲಿಸಿ ನೋಡೋಣ.

ದಿಮ್ಮಿಯ ಉದ್ದ 12 ಅಡಿ; ಸುತ್ತಳತೆ ಬುಡದಲ್ಲಿ 72, ನಡುವಿನಲ್ಲಿ 60, ತುದಿಯಲ್ಲಿ 48 ಅಂಗುಲವೆಂದಿಟ್ಟುಕೊಳ್ಳೋಣ.

ಕಾಲು ಸುತ್ತಿನ ಲೆಕ್ಕ

ನಡುವಿನ ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಉದ್ದದ ಅಡಿಗಳಿಂದ ಗುಣಿಸಿ, 144ರಿಂದ ಭಾಗಿಸಬೇಕು. 60ರ ಕಾಲುಭಾಗ 15. 15 × 15 × 12 = 2700; ಭಾಗಿಸಿದರೆ 18.75 ಘನ ಅಡಿ. ಇಂಗ್ಲೆಂಡಿನ ಎಡ್ವರ್ಡ್ ಹಾಪಸ್ ಎಂಬವರು 1736ರಲ್ಲಿ ಪ್ರಕಟಿಸಿದ ಕೋಷ್ಟಕಗಳಿಂದಾಗಿ ಇದಕ್ಕೆ ಹಾಪಸ್ ಅಳತೆಯೆಂದೂ ಹೆಸರುಂಟು.

ನಿಜವಾದ ಗಾತ್ರ

ಅದೇ 60ನ್ನು 60ರಿಂದಲೂ 12ರಿಂದಲೂ ಗುಣಿಸಿ 1810ರಿಂದ ಭಾಗಿಸಿದರೆ 23.87 ಘನ ಅಡಿ ಬರುತ್ತದೆ. ಅಂದರೆ ಕಾಲು ಸುತ್ತಿನ ಲೆಕ್ಕವು ನೂರಕ್ಕೆ ಸುಮಾರು ಇಪ್ಪತ್ತೊಂದೂವರೆಯಷ್ಟು ಕಡಿಮೆ ತೋರಿಸುತ್ತದೆ. ದುಂಡು ಮರವನ್ನು ಚೌಕ ಮಾಡುವಾಗ ಹೋಗುವ ಹೊರಮೈಯ ಬಾಬ್ತು ಇದೆಂದು ಹೇಳುವುದುಂಟು.

ಹಾಗಾದರೆ ಇದು ಮೋಸವೇ? ಅಲ್ಲ. ದರವೂ ಅದೇ ಲೆಕ್ಕಕ್ಕೆ ಹೊಂದಿದ್ದರೆ ಯಾರಿಗೂ ನಷ್ಟವಿಲ್ಲ. ಒಬ್ಬನು ಕಾಲು ಸುತ್ತಿನ ಘನ ಅಡಿಗೆ 1000 ರೂಪಾಯಿ, ಇನ್ನೊಬ್ಬನು ನಿಜ ಘನ ಅಡಿಗೆ 900 ರೂಪಾಯಿ ಹೇಳಿದನೆನ್ನೋಣ. ದರ ಉದಾಹರಣೆಗೆ ಮಾತ್ರ. ಮೊದಲನೆಯವನಿಂದ ಸಿಗುವುದು 18,750 ರೂಪಾಯಿ, ಎರಡನೆಯವನಿಂದ 21,483. ಕಡಿಮೆ ದರವೇ ಹೆಚ್ಚು ಹಣ ಕೊಟ್ಟಿತು! ಘನ ಮೀಟರಿನಲ್ಲಿ ದರ ಹೇಳಿದರೂ ಇದನ್ನೇ ಕೇಳಬೇಕು: ಒಂದು ಘನ ಮೀಟರೆಂದರೆ 35.3 ನಿಜ ಘನ ಅಡಿ, ಕಾಲು ಸುತ್ತಿನ ಲೆಕ್ಕದಲ್ಲಿ 27.7.

ಟೇಪು ಎಲ್ಲಿ ಹಿಡಿಯಬೇಕು?

ಬುಡ ಮತ್ತು ತುದಿಯ ಸುತ್ತಳತೆಗಳಿಂದ ಬೇರೆಬೇರೆಯಾಗಿ ನಿಜ ಗಾತ್ರ ತೆಗೆದು ಸರಾಸರಿ ಮಾಡಿದರೆ ನಮ್ಮ ದಿಮ್ಮಿಗೆ 24.83 ಘನ ಅಡಿ ಬರುತ್ತದೆ. ಬುಡದ್ದನ್ನೂ ತುದಿಯದ್ದನ್ನೂ ಒಂದೊಂದು ಪಾಲು, ನಡುವಿನದನ್ನು ನಾಲ್ಕು ಪಾಲು ಕೂಡಿಸಿ 6ರಿಂದ ಭಾಗಿಸಿದರೆ 24.19. ಒಂದೇ ಸಮನೆ ಸಪೂರವಾಗುವ ದಿಮ್ಮಿಗೆ ಈ ಕೊನೆಯದೇ ಸರಿಯಾದ ಉತ್ತರ. ಬುಡ ಉಬ್ಬಿದ ಮರದಲ್ಲಿ ಎರಡು ಕೊನೆಗಳ ಸರಾಸರಿ ಇನ್ನಷ್ಟು ಹೆಚ್ಚು ತೋರಿಸುವುದು. ನಡುವಿನ ಅಳತೆಯೊಂದೇ ಸುಲಭ, ತಪ್ಪೂ ಅಲ್ಪ.

ತುದಿಯಲ್ಲಿ ಮಾತ್ರ ಅಳೆದರೆ ಏನಾಗುವುದು? 48ರ ಕಾಲುಭಾಗ 12. ಸಿಗುವುದು ಬರಿಯ 12 ಘನ ಅಡಿ. ಒಂದೇ ದಿಮ್ಮಿಯಲ್ಲಿ 6.75 ಘನ ಅಡಿ ಮಾಯ!

ಕಳೆಯುವ ಲೆಕ್ಕಗಳು

ತೊಗಟೆ ಅರ್ಧ ಅಂಗುಲ ದಪ್ಪವಿದ್ದರೆ ಸುತ್ತಳತೆಯಲ್ಲಿ ಕಳೆಯಬೇಕಾದುದು 3 ಅಂಗುಲಕ್ಕೆ ತುಸು ಹೆಚ್ಚು. ತೊಗಟೆ ಕೆತ್ತಿದ ಮೇಲೆ ಅಳೆದರೆ ಆ ವಾದವೇ ಇಲ್ಲ. ಇನ್ನು ಸುತ್ತಳತೆ 62 ಅಂಗುಲವಿದ್ದರೆ ಕಾಲುಭಾಗ 15½. ಅರ್ಧವನ್ನು ಬಿಟ್ಟು 15 ಹಿಡಿದರೆ ನಮ್ಮ 12 ಅಡಿಯ ದಿಮ್ಮಿಯಲ್ಲಿ ಒಂದೂಕಾಲು ಘನ ಅಡಿ ಹೋಗುತ್ತದೆ.

ಆದುದರಿಂದ ಮುಂಗಡ ಹಣ ಪಡೆಯುವ ಮೊದಲೇ ಲೆಕ್ಕ ಯಾವುದು, ಟೇಪು ಎಲ್ಲಿ, ತೊಗಟೆಗೆ ಎಷ್ಟು, ಈ ಮೂರನ್ನು ಮಾತಾಡಿಕೊಳ್ಳಬೇಕು. ಅಳೆಯುವಾಗ ಮರದ ಯಜಮಾನರೂ ಜೊತೆಗೆ ನಿಂತು ಒಂದೊಂದು ದಿಮ್ಮಿಯ ಅಳತೆಯನ್ನು ತಮ್ಮ ಪುಸ್ತಕದಲ್ಲಿಯೂ ಬರೆದುಕೊಳ್ಳಲಿ.