ಕಾರು ಎಟುಕದಿದ್ದರೂ ಕಾಗದ ಎಟುಕುತ್ತದೆ: ಬರ್ಕ್ಲಿಯ ಎಂಜಿಬಿ ಬ್ರೋಷರ್ ಸಂಗ್ರಹದ ಕಥೆ

ಸಂಜೆ ಡ್ಯೂಟಿ ಮುಗಿಸಿ ಕಂಪನಿ ಬಸ್ಸಿನ ಕಿಟಕಿಯಿಂದ ದುಬೈಯ ಶೇಖ್ ಝಾಯೆದ್ ರಸ್ತೆಯನ್ನೋ ರಿಯಾದ್‌ನ ಕಿಂಗ್ ಫಹದ್ ರಸ್ತೆಯನ್ನೋ ನೋಡುವವರಿಗೆ ಎಂಟು ಮೂಲೆಯ ಒಂದು ಬ್ಯಾಡ್ಜ್ ಪದೇ ಪದೇ ಕಣ್ಣಿಗೆ ಬೀಳುತ್ತದೆ. ಒಳಗೆ ಎರಡೇ ಅಕ್ಷರ: ಎಂ ಮತ್ತು ಜಿ. ಊರಲ್ಲೂ 2019ರಲ್ಲಿ ಹೆಕ್ಟರ್ ಬಂದ ಮೇಲೆ ಈ ಗುರುತು ಎಲ್ಲರಿಗೂ ಪರಿಚಯ. ಇದು ಚೀನಾ ಕಾರು ಅಂತ ಹೆಚ್ಚಿನವರ ಲೆಕ್ಕ. ಈಗ ಬ್ರ್ಯಾಂಡ್ ಚೀನಾದ ಎಸ್‌ಎಐಸಿ ಕಂಪನಿಯ ಕೈಯಲ್ಲಿ ಇರುವುದು ನಿಜವೇ. ಆದರೆ ಬ್ಯಾಡ್ಜ್ ಹುಟ್ಟಿದ್ದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ, ನೂರು ವರ್ಷದ ಹಿಂದೆ, ಮೋರಿಸ್ ಗ್ಯಾರೇಜಸ್ ಎಂಬ ಕಾರು ಮಾರುವ, ರಿಪೇರಿ ಮಾಡುವ ಅಂಗಡಿಯಲ್ಲಿ. ಎಂಜಿ ಅಂದರೆ ಆ ಅಂಗಡಿಯ ಹೆಸರೇ.

ಆ ಬ್ಯಾಡ್ಜ್ ಹೊತ್ತ ಕಾರುಗಳಲ್ಲಿ ಲೋಕಪ್ರಸಿದ್ಧವಾದದ್ದು ಎಂಜಿಬಿ. ಎರಡು ಸೀಟು, ಮಡಚುವ ಬಟ್ಟೆಯ ಚಾವಣಿ, 1798 ಸಿಸಿ ಇಂಜಿನ್. 1962ರಿಂದ 1980ರವರೆಗೆ ಅಬಿಂಗ್ಡನ್ ಎಂಬ ಸಣ್ಣ ಪೇಟೆಯ ಕಾರ್ಖಾನೆಯಲ್ಲಿ 5 ಲಕ್ಷಕ್ಕೂ ಹೆಚ್ಚು ಕಾರು ತಯಾರಾದವು. ಅವುಗಳಲ್ಲಿ ಬಹುಪಾಲು ಹಡಗು ಹತ್ತಿ ಅಮೆರಿಕಕ್ಕೆ ಹೋದವು. ಜೊತೆಗೆ ಪೆಟ್ಟಿಗೆಗಟ್ಟಲೆ ಬಣ್ಣದ ಬ್ರೋಷರ್‌ಗಳೂ ಹೋದವು. ಶೋರೂಮಿಗೆ ಬಂದವರಿಗೆಲ್ಲ ಪುಕ್ಕಟೆ ಹಂಚಿದ ಆ ಕಾಗದವನ್ನು ಇವತ್ತು ಕ್ಯಾಲಿಫೋರ್ನಿಯಾದ ಬರ್ಕ್ಲಿ ಸುತ್ತಮುತ್ತ ಜನ ದುಡ್ಡು ಕೊಟ್ಟು ಕೊಳ್ಳುತ್ತಾರೆ, ಪ್ಲಾಸ್ಟಿಕ್ ಕವರಿನಲ್ಲಿಟ್ಟು ಜೋಪಾನ ಮಾಡುತ್ತಾರೆ. ಇದು ಬರೀ ಹುಚ್ಚಾ, ಅಥವಾ ಇದರಲ್ಲಿ ಏನಾದರೂ ಇದೆಯಾ?

ಮೊದಲು, ಬರ್ಕ್ಲಿಯೇ ಯಾಕೆ ಅನ್ನುವುದು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲಿನ ಊರುಗಳಿಗೆ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ರುಚಿ ಹತ್ತಿಸಿದವರಲ್ಲಿ ಮೊದಲ ಹೆಸರು ಶೆಲ್ ಕ್ವಾಲೆ ಅವರದು. ಅವರೂ ವಲಸಿಗರೇ. 1919ರಲ್ಲಿ ನಾರ್ವೆಯಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಮನೆಯವರ ಜೊತೆ ಅಮೆರಿಕಕ್ಕೆ ಬಂದವರು. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯ ಪೈಲಟ್ ಆಗಿದ್ದು, ಯುದ್ಧ ಮುಗಿದ ಮೇಲೆ ಬರ್ಕ್ಲಿಗೆ ಹತ್ತಿರದ ಅಲಮೀಡಾದಲ್ಲಿ ಜೀಪ್ ಮಾರತೊಡಗಿದರು. ಒಂದು ಪ್ರಯಾಣದಲ್ಲಿ ಎಂಜಿ ಟಿಸಿ ಎಂಬ ಪುಟ್ಟ ಕಾರನ್ನು ಕಂಡು ಮನಸೋತು, 1947ರಲ್ಲಿ ಬ್ರಿಟಿಷ್ ಮೋಟಾರ್ ಕಾರ್ ಡಿಸ್ಟ್ರಿಬ್ಯೂಟರ್ಸ್ ಕಂಪನಿ ಶುರು ಮಾಡಿದರು. ಆಮೇಲೆ ಆ ಕಂಪನಿ ಸ್ಯಾನ್ ಫ್ರಾನ್ಸಿಸ್ಕೋದ ವ್ಯಾನ್ ನೆಸ್ ರಸ್ತೆಯ ಅರಮನೆಯಂಥ ಹಳೆ ಪ್ಯಾಕಾರ್ಡ್ ಶೋರೂಮಿಗೆ ಹೋಯಿತು. ಆ ಕಟ್ಟಡದ ವಿನ್ಯಾಸ ಮಾಡಿದ ಬರ್ನಾರ್ಡ್ ಮೇಬೆಕ್ ಬರ್ಕ್ಲಿಯವರೇ. ಕ್ವಾಲೆ 2013ರಲ್ಲಿ ತೀರಿಕೊಂಡರು.

ಇನ್ನೊಂದು ಕಾರಣ ಹವೆ. ಚಳಿ ಪ್ರದೇಶದ ಊರುಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುತ್ತಾರೆ, ಆ ಉಪ್ಪು ಕಾರಿನ ತಳವನ್ನು ತಿಂದುಬಿಡುತ್ತದೆ. ಸಮುದ್ರದ ಗಾಳಿಗೆ ಬೈಕಿನ ರಿಮ್ ಏನಾಗುತ್ತದೆ ಅಂತ ಉಳ್ಳಾಲ, ಮಲ್ಪೆಯವರಿಗೆ ಹೇಳಿಕೊಡಬೇಕಾಗಿಲ್ಲ. ಬರ್ಕ್ಲಿಯಲ್ಲಿ ಹಿಮ ಇಲ್ಲ, ರಸ್ತೆಗೆ ಉಪ್ಪೂ ಇಲ್ಲ. ಹಾಗಾಗಿ ಕಾರುಗಳು ಉಳಿದವು. ಅವುಗಳ ಜೊತೆ ಗ್ಯಾರೇಜಿನ ಕಪಾಟಿನಲ್ಲಿ ಹ್ಯಾಂಡ್‌ಬುಕ್, ಬಿಲ್ಲು, ಬ್ರೋಷರ್‌ಗಳೂ ಉಳಿದವು.

ಈ ಕಾಗದ ಹೊರಗೆ ಬರುವ ಬಗೆ ಸ್ವಲ್ಪ ನೋವಿನದು. ಮನೆಯ ಹಿರಿಯರು ತೀರಿಕೊಂಡಾಗ ಅಥವಾ ವೃದ್ಧಾಶ್ರಮ ಸೇರಿದಾಗ ಇಡೀ ಮನೆಯ ಸಾಮಾನನ್ನು ಎರಡು ಮೂರು ದಿನ ಬಾಗಿಲು ತೆರೆದಿಟ್ಟು ಮಾರುತ್ತಾರೆ. ಇದಕ್ಕೆ ಎಸ್ಟೇಟ್ ಸೇಲ್ ಅಂತ ಹೆಸರು. ಮೊದಲ ದಿನ ಬೆಳಿಗ್ಗೆ ವ್ಯಾಪಾರಿಗಳು ಒಳ್ಳೆಯದನ್ನು ಎತ್ತಿಕೊಂಡು ಹೋಗುತ್ತಾರೆ, ಕೊನೆಯ ದಿನ ಬೆಲೆ ಇಳಿಯುತ್ತದೆ. ಉಳಿದದ್ದು ಅಲಮೀಡಾದ ಹಳೆ ನೌಕಾ ವಿಮಾನನೆಲೆಯಲ್ಲಿ ತಿಂಗಳ ಮೊದಲ ಭಾನುವಾರ ನಡೆಯುವ ಹಳೆ ಸಾಮಾನಿನ ಸಂತೆಗೆ ಬರುತ್ತದೆ. ಅಲ್ಲಿನ ನಿಯಮ, ಮಾರುವ ವಸ್ತುವಿಗೆ ಕನಿಷ್ಠ 20 ವರ್ಷ ಆಗಿರಬೇಕು. ಬರ್ಕ್ಲಿಯ ಆಶ್ಬಿ ಸ್ಟೇಷನ್ ಪಾರ್ಕಿಂಗ್‌ನಲ್ಲೂ ದಶಕಗಳ ಕಾಲ ವಾರಾಂತ್ಯದ ಸಂತೆ ನಡೆದಿತ್ತು.

ಇಂಟರ್‌ನೆಟ್‌ನಲ್ಲಿ ಹುಡುಕುವವರಿಗೆ ಒಂದು ತಮಾಷೆಯ ಗೊಂದಲವೂ ಇದೆ. ಬರ್ಕ್ಲಿ ಬ್ರೋಷರ್ ಅಂತ ಟೈಪ್ ಮಾಡಿದರೆ ಬರ್ಕ್ಲಿ ಎಂಬ ಹೆಸರಿನ ಕಾರಿನ ಬ್ರೋಷರೇ ಎದುರಾಗುತ್ತದೆ! 1956ರಿಂದ 1960ರವರೆಗೆ ಇಂಗ್ಲೆಂಡಿನ ಬಿಗಲ್ಸ್‌ವೇಡ್‌ನಲ್ಲಿ ತಯಾರಾದ ಫೈಬರ್‌ಗ್ಲಾಸ್ ಮೈಯ ಪುಟ್ಟ ಸ್ಪೋರ್ಟ್ಸ್ ಕಾರು ಅದು. ಇಂಜಿನ್ ಮೋಟಾರ್ ಸೈಕಲ್‌ನದು, ಕೆಲವು ಮಾಡೆಲ್‌ಗಳಲ್ಲಿ ರಾಯಲ್ ಎನ್‌ಫೀಲ್ಡ್‌ನದೇ. ಕ್ಯಾಲಿಫೋರ್ನಿಯಾದ ಊರಿಗೂ ಇದಕ್ಕೂ ಸಂಬಂಧ ಇಲ್ಲ.

ಇನ್ನು ಎಂಜಿಬಿ ಬ್ರೋಷರಿನಲ್ಲಿ ನೋಡುವುದು ಏನು?

ಅರವತ್ತು ವರ್ಷದ ಕಾರು ಮೂಲರೂಪದಲ್ಲಿ ಉಳಿದಿರುವುದು ಅಪರೂಪ. ಬಣ್ಣ ಬದಲಾಗಿರುತ್ತದೆ, ಚಕ್ರ ಬದಲಾಗಿರುತ್ತದೆ, ಒಳಗಿನ ಸೀಟು ಬೇರೆ ಕಾರಿನದ್ದಾಗಿರುತ್ತದೆ. ಕಾಗದ ಮಾತ್ರ ತಾನು ಅಚ್ಚಾದ ವರ್ಷದಲ್ಲೇ ನಿಂತಿರುತ್ತದೆ. ಬ್ರೋಷರುಗಳನ್ನು ವರ್ಷದ ಪ್ರಕಾರ ಸಾಲಾಗಿ ಹರಡಿದರೆ ಒಂದು ಕಂಪನಿ ಏರಿ ಇಳಿದ ಕಥೆ ಮೇಜಿನ ಮೇಲೆ ಕಾಣುತ್ತದೆ. ಮೊದಲ ವರ್ಷಗಳ ಬ್ರೋಷರಿನಲ್ಲಿ ಕಂಪನಿಯ ಹೆಸರು ಬಿಎಂಸಿ. 1968ರಲ್ಲಿ ಬ್ರಿಟಿಷ್ ಲೇಲ್ಯಾಂಡ್ ಆದಮೇಲೆ ಹೆಸರೂ ಗುರುತೂ ಬದಲಾದವು. ಅದೇ ಸುಮಾರಿಗೆ ಅಮೆರಿಕದ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ದಿಂಬಿನ ಹಾಗೆ ದಪ್ಪಗಾಯಿತು, ಎರಡು ವೈಪರ್ ಇದ್ದಲ್ಲಿ ಮೂರು ಬಂತು. ಎರಡಕ್ಕೂ ಅಲ್ಲಿನ ಹೊಸ ಸುರಕ್ಷತಾ ಕಾನೂನೇ ಕಾರಣ. 1974ರ ಕೊನೆಗೆ ಹೊಳೆಯುವ ಕ್ರೋಮ್ ಬಂಪರ್ ಹೋಗಿ ಕಪ್ಪು ರಬ್ಬರ್ ಬಂಪರ್ ಬಂತು, ಕಾರು ನೆಲದಿಂದ ಸ್ವಲ್ಪ ಎತ್ತರವೂ ಆಯಿತು. ಆಗ ಬೈದವರು ಇವತ್ತಿಗೂ ಬೈಯುತ್ತಲೇ ಇದ್ದಾರೆ. 1980ರ ಅಕ್ಟೋಬರ್‌ನಲ್ಲಿ ಅಬಿಂಗ್ಡನ್ ಕಾರ್ಖಾನೆಗೆ ಬೀಗ ಬಿತ್ತು. ಕಾರ್ಮಿಕರ ಊರಿಗೆ ಅದು ಏನಾಗಿರಬಹುದು ಅಂತ, ಪ್ರಾಜೆಕ್ಟ್ ಮುಗಿದು ಲೆಟರ್ ಕೈಗೆ ಬಂದವರಿಗೆ ಗೊತ್ತು. ಕಾರ್ಖಾನೆಯ ಕೊನೆಯ ವರ್ಷದ ಬ್ರೋಷರಿನಲ್ಲೂ ಕಾರು ಮಿರಿಮಿರಿ ಹೊಳೆಯುತ್ತಲೇ ಇತ್ತು.

ಬ್ರೋಷರ್ ಹೇಳಿದ್ದೆಲ್ಲ ವೇದವಾಕ್ಯ ಅಲ್ಲ. ಅಚ್ಚಾದ ಮೇಲೂ ಕಂಪನಿ ಬಣ್ಣ, ಬಿಡಿಭಾಗ ಬದಲಿಸುತ್ತಿತ್ತು. ಒಂದು ನಿರ್ದಿಷ್ಟ ಕಾರು ಯಾವ ಬಣ್ಣದಲ್ಲಿ, ಯಾವ ದೇಶಕ್ಕೆ ಹೊರಟಿತ್ತು ಅಂತ ಬೇಕಾದರೆ ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂಗೆ ಛಾಸಿ ನಂಬರ್ ಕಳಿಸಬೇಕು. ಅವರು ಕಾರ್ಖಾನೆಯ ಹಳೆ ಲೆಡ್ಜರ್ ನೋಡಿ, ಶುಲ್ಕ ಪಡೆದು, ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತಾರೆ.

ಸಂಗ್ರಹಕಾರರು ಬ್ರೋಷರ್ ಕೈಗೆ ಬಂದ ಕೂಡಲೇ ಹಿಂಬದಿ ತಿರುಗಿಸುತ್ತಾರೆ. ಕೆಳಗಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಪ್ರಕಟಣಾ ಸಂಖ್ಯೆ ಇರುತ್ತದೆ, ವರ್ಷ ಪತ್ತೆ ಹಚ್ಚಲು ಅದೇ ಆಧಾರ. ಪಕ್ಕದಲ್ಲಿ ಡೀಲರ್‌ನ ಸೀಲಿಗೆ ಅಂತ ಖಾಲಿ ಜಾಗ ಬಿಟ್ಟಿರುತ್ತಾರೆ. ಸೀಲು ಬಿದ್ದಿದ್ದರೆ ಅದು ಕಲೆ ಅಂತ ಕೆಲವರು ಬೆಲೆ ಇಳಿಸುತ್ತಾರೆ. ಇದು ತಪ್ಪು ಲೆಕ್ಕ. ಲಕ್ಷಗಟ್ಟಲೆ ಅಚ್ಚಾದ ಒಂದೇ ಥರದ ಕಾಗದವನ್ನು ಒಂದು ಊರಿನ, ಒಂದು ಬೀದಿಯ ಕಾಗದ ಮಾಡುವುದೇ ಆ ಸೀಲು. ಬರ್ಕ್ಲಿ, ಓಕ್ಲೆಂಡ್ ಕಡೆ ಮುಚ್ಚಿಹೋದ ಎಷ್ಟೋ ಅಂಗಡಿಗಳಿಗೆ ಇದೊಂದೇ ಗುರುತು ಉಳಿದಿರಬಹುದು.

ನಕಲಿ ಗುರುತಿಸಲು ಹತ್ತು ಪಟ್ಟು ದೊಡ್ಡದು ತೋರಿಸುವ ಭೂತಗನ್ನಡಿ ಸಾಕು. ಅಸಲಿ ಆಫ್‌ಸೆಟ್ ಮುದ್ರಣದಲ್ಲಿ ಫೋಟೊ ಚುಕ್ಕಿಗಳಿಂದ ಆಗಿರುತ್ತದೆ, ಅಕ್ಷರದ ಅಂಚು ಮಾತ್ರ ಬ್ಲೇಡಿನಲ್ಲಿ ಕತ್ತರಿಸಿದಷ್ಟು ಚೂಪು. ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದರೆ ಚುಕ್ಕಿಯ ಮೇಲೆ ಚುಕ್ಕಿ ಬಿದ್ದು ಅಲೆಯಂಥ ಗೆರೆ ಮೂಡುತ್ತದೆ, ಸಣ್ಣಕ್ಷರವೂ ಚುಕ್ಕಿಯಾಗಿ ಒಡೆಯುತ್ತದೆ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ದುಡಿದವರಿಗೆ ಇದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ನೇರಳೆ ದೀಪ ಹಿಡಿದು, ಕಾಗದ ಹೊಳೆದರೆ ನಕಲಿ ಅನ್ನುವ ಉಪಾಯ ಯುದ್ಧಕ್ಕೆ ಹಿಂದಿನ ಕಾಗದಕ್ಕೆ ಸರಿ. 1950ರ ಸುಮಾರಿಗೆ ಕಾಗದಕ್ಕೆ ಬೆಳ್ಳಗಾಗಿಸುವ ರಾಸಾಯನಿಕ ಸೇರಿಸಲು ಶುರುವಾಯಿತು, ಆದ್ದರಿಂದ ಎಂಜಿಬಿ ಕಾಲದ ಅಸಲಿ ಬ್ರೋಷರೂ ಹೊಳೆಯಬಹುದು.

ಬ್ರೋಷರಿನ ಆಚೆಗೆ ಹ್ಯಾಂಡ್‌ಬುಕ್, ವರ್ಕ್‌ಶಾಪ್ ಮ್ಯಾನುಯಲ್, ದರಪಟ್ಟಿ, ಕೀಚೈನ್, ಡಿಂಕಿ ಮತ್ತು ಕಾರ್ಗಿ ಕಂಪನಿಯ ಆಟಿಕೆ ಎಂಜಿಬಿ ಎಲ್ಲಕ್ಕೂ ಗಿರಾಕಿ ಇದ್ದಾರೆ. ಗ್ರೀಸ್ ಕೈಗುರುತು ಇರುವ ಮ್ಯಾನುಯಲ್ ಅಂದರೆ ಕೆಲವರಿಗೆ ಇನ್ನೂ ಪ್ರೀತಿ. ಫ್ರೇಮ್ ಹಾಕಿ ಮಾರುವ ಹಳೆ ಜಾಹೀರಾತುಗಳ ಬಗ್ಗೆ ಮಾತ್ರ ಎಚ್ಚರ ಬೇಕು. ಒಂದು ಇಡೀ ಪತ್ರಿಕೆಯನ್ನು ಹರಿದು ಒಂದೊಂದೇ ಹಾಳೆ ಮಾರುವ ವ್ಯಾಪಾರ ಅದು.

ಹಣದ ವಿಷಯ ನೇರವಾಗಿ ಹೇಳುವುದಾದರೆ, ಇದು ಹೂಡಿಕೆ ಅಲ್ಲ. 70ರ ದಶಕದ ಸಾಮಾನ್ಯ ಬ್ರೋಷರ್ ಹತ್ತಿಪ್ಪತ್ತು ಡಾಲರಿಗೆ ಸಿಗುತ್ತದೆ. ಇನ್ನು ಹತ್ತು ವರ್ಷಕ್ಕೆ ಅದು ಏರಲೇಬೇಕು ಅಂತೇನೂ ಇಲ್ಲ, ಯೌವನದಲ್ಲಿ ಈ ಕಾರು ಓಡಿಸಿದ ತಲೆಮಾರಿಗೆ ವಯಸ್ಸಾಗುತ್ತಿದೆ. ಚೀಟಿ ದುಡ್ಡು, ಊರಿಗೆ ಕಳಿಸುವ ದುಡ್ಡು ಮುಟ್ಟಿ ಮಾಡುವ ಹವ್ಯಾಸ ಇದಲ್ಲ. ಕಾರು ನಿಲ್ಲಿಸಲು ಗ್ಯಾರೇಜ್ ಬೇಕು, ಬ್ರೋಷರಿಗೆ ಬಂಕ್ ಬೆಡ್ಡಿನ ಕೆಳಗಿನ ಸೂಟ್‌ಕೇಸ್ ಸಾಕು ಅನ್ನುವುದೇ ಇದರ ಅನುಕೂಲ. ಬೇ ಏರಿಯಾದಲ್ಲಿರುವ ಅಕ್ಕನ ಮಗನೋ ಭಾವನೋ ದುಬೈ ಮೇಲೆ ಊರಿಗೆ ಹೋಗುವಾಗ ಎರಡು ಗಟ್ಟಿ ರಟ್ಟಿನ ನಡುವೆ ಇಟ್ಟು ತಂದರೆ ಮಡಿಕೆ ಬೀಳದೆ ಬರುತ್ತದೆ.

ತಂದಮೇಲೆ ಇಡುವುದರಲ್ಲೇ ಹೆಚ್ಚಿನವರು ಸೋಲುತ್ತಾರೆ. ಬ್ರೋಷರಿನ ನುಣುಪು ಕಾಗದಕ್ಕೆ ಬಿಳಿ ಮಣ್ಣಿನ ಲೇಪ ಇರುತ್ತದೆ. ಒದ್ದೆಯಾಗಿ ಒಣಗಿದರೆ ಹಾಳೆಗಳು ಇಟ್ಟಿಗೆಯ ಹಾಗೆ ಅಂಟಿಕೊಳ್ಳುತ್ತವೆ, ಆಮೇಲೆ ಬಿಡಿಸಲು ಆಗುವುದಿಲ್ಲ. ಆಟಿ ತಿಂಗಳ ಮಳೆಗೆ ಕರಾವಳಿಯ ಮನೆಯಲ್ಲಿ ಗೋಡೆಗೆ ತಾಗಿದ ಕಪಾಟು ಇದಕ್ಕೆ ಆಗದು. ಅಟ್ಟವಂತೂ ಬೇಡ, ಗೆದ್ದಲು ಹತ್ತಲು ಒಂದು ಮಳೆಗಾಲ ಸಾಕು. ಗಲ್ಫ್‌ನಲ್ಲಿ ಬೇರೆ ತಾಪತ್ರಯ. ಎಸಿ ರೂಮಿನಲ್ಲಿ ತಣ್ಣಗಾದ ಕಾಗದವನ್ನು ಸೆಕೆಯ ಗಾಳಿಗೆ ತೆರೆದರೆ ಕನ್ನಡಕಕ್ಕೆ ಕಟ್ಟುವ ಹಾಗೆ ಅದರ ಮೇಲೂ ನೀರು ಕಟ್ಟುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲೇ ಹೊರಗೆ ತಂದು, ಒಂದು ದಿನ ಬಿಟ್ಟು ತೆರೆಯಬೇಕು. ಕವರು ಪಿವಿಸಿ ಆಗಿರಬಾರದು, ಅದು ವರ್ಷಗಳು ಕಳೆದಂತೆ ಜಿಗುಟಾಗಿ ಶಾಯಿಯನ್ನು ಎಳೆದುಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಆಗಬಹುದು. ಲ್ಯಾಮಿನೇಷನ್ ಬೇಡ, ಸೆಲ್ಲೊಟೇಪ್ ಬೇಡವೇ ಬೇಡ.

ಬರ್ಕ್ಲಿಯವರಿಗೆ ನೀರಿಗಿಂತ ಬೆಂಕಿಯ ಭಯ. 1991ರ ಅಕ್ಟೋಬರ್ 20ರಂದು ಓಕ್ಲೆಂಡ್, ಬರ್ಕ್ಲಿ ಗುಡ್ಡದ ಕಾಡ್ಗಿಚ್ಚಿನಲ್ಲಿ 25 ಜನ ಸತ್ತರು, ಸುಮಾರು 3,000 ಮನೆ ಸುಟ್ಟುಹೋದವು. ಆಲ್ಬಂ, ಪುಸ್ತಕ, ಪತ್ರ, ಒಂದು ಜೀವಮಾನದ ಕಾಗದವೆಲ್ಲ ಒಂದು ಮಧ್ಯಾಹ್ನದಲ್ಲಿ ಬೂದಿ. ಆದ್ದರಿಂದ ಸ್ಕ್ಯಾನ್ ಮಾಡಿ ಪ್ರತಿಯನ್ನು ಬೇರೆ ಊರಲ್ಲಿ ಇಡುವುದು ಅತಿ ಎಚ್ಚರಿಕೆ ಅನ್ನಿಸಿಕೊಳ್ಳುವುದಿಲ್ಲ. ಸ್ಕ್ಯಾನಿನಲ್ಲಿ ಕಾಗದದ ತೂಕ, ವಾಸನೆ ಬರುವುದಿಲ್ಲ ನಿಜ, ಆದರೆ ಪ್ರಕಟಣಾ ಸಂಖ್ಯೆ, ಬಣ್ಣದ ಪಟ್ಟಿ, ಸೀಲು ಉಳಿಯುತ್ತದೆ.

ಇಷ್ಟೆಲ್ಲ ಓದಿದ ಮೇಲೆ ಒಮ್ಮೆ ಊರಿನ ಮನೆಯ ಟ್ರಂಕು ನೆನಪು ಮಾಡಿಕೊಳ್ಳಿ. ಎಂಬತ್ತು, ತೊಂಬತ್ತರ ದಶಕದಲ್ಲಿ ಗಲ್ಫ್‌ನಿಂದ ಬಂದ ಎಷ್ಟೋ ಪೆಟ್ಟಿಗೆಗಳಲ್ಲಿ ಟ್ಯಾಂಗ್ ಡಬ್ಬಿ, ಟಾರ್ಚಿನ ಜೊತೆ ಶೋರೂಮಿನ ಬ್ರೋಷರೂ ಬಂದಿತ್ತು. ಲ್ಯಾಂಡ್ ಕ್ರೂಸರ್, ನಿಸ್ಸಾನ್ ಪ್ಯಾಟ್ರೋಲ್, ಒಂದು ಕಡೆ ಇಂಗ್ಲಿಷ್, ಇನ್ನೊಂದು ಕಡೆ ಅರಬಿ. ಮಕ್ಕಳು ಅದರ ಚಿತ್ರ ಕತ್ತರಿಸಿ ಗೋಡೆಗೆ ಅಂಟಿಸಿದರು, ದಪ್ಪ ಹಾಳೆ ಅಂತ ಶಾಲೆಯ ಪುಸ್ತಕಕ್ಕೆ ಬೈಂಡ್ ಹಾಕಿದರು. ಅದರಲ್ಲಿ ಒಂದೆರಡು ಎಲ್ಲೋ ಉಳಿದಿದ್ದರೆ ಗುಜರಿಗೆ ಹಾಕುವ ಮುನ್ನ ಹಿಂಬದಿ ತಿರುಗಿಸಿ, ಡೀಲರ್ ಹೆಸರು ಇದೆಯಾ ನೋಡಿ. ಈಗ ಶೋರೂಮಿಗೆ ಹೋದರೆ ಹೆಚ್ಚಾಗಿ ಕ್ಯೂಆರ್ ಕೋಡ್ ತೋರಿಸುತ್ತಾರೆ, ಕೈಗೆ ಕಾಗದ ಕೊಡುವುದು ಕಡಿಮೆಯಾಗುತ್ತಿದೆ. ಎಂಜಿಬಿಯ ವಾರಸುದಾರ ಅಂತ ಕಂಪನಿ ಹೇಳಿಕೊಳ್ಳುವ ಸೈಬರ್‌ಸ್ಟರ್ ಎಂಬ ಎಲೆಕ್ಟ್ರಿಕ್ ಸ್ಪೋರ್ಟ್ಸ್ ಕಾರು ನೋಡಲು ಹೋದವರು ಅಚ್ಚಾದ ಬ್ರೋಷರ್ ಇದೆಯಾ ಅಂತ ಕೇಳಿ ನೋಡಬಹುದು.

ಸಿಕ್ಕಿದ್ದರ ಮೇಲೆ ಪೆನ್ನಿನಲ್ಲಿ ಬರೆಯಬೇಡಿ. ಒಂದು ಬೇರೆ ಚೀಟಿಯಲ್ಲಿ ಪೆನ್ಸಿಲಿನಿಂದ ಯಾವ ಶೋರೂಮು, ಯಾವ ಊರು, ಯಾವ ವರ್ಷ, ತಂದವರು ಯಾರು ಅಂತ ಬರೆದು ಕವರಿನೊಳಗೆ ಹಾಕಿ. ವರ್ಷ ಗೊತ್ತಿಲ್ಲದಿದ್ದರೆ ಶುಕ್ರವಾರ ಮನೆಗೆ ಫೋನ್ ಮಾಡುವಾಗ ಅಪ್ಪನನ್ನು ಕೇಳಿ. ಆಗ ಯಾವ ಕಂಪನಿಯಲ್ಲಿದ್ದೆ, ಯಾವ ಗಾಡಿ ಓಡಿಸುತ್ತಿದ್ದೆ ಅನ್ನುವುದರಿಂದ ಶುರುಮಾಡಿ ಅವರೇ ಲೆಕ್ಕ ಹಾಕಿ ಹೇಳುತ್ತಾರೆ.