ಹೆಸರು ಕೇಳಿದ ಬಾಗಿಲು

1996ರ ಜನವರಿಯಲ್ಲಿ ಅಮೆರಿಕದ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಅಂತರ್ಜಾಲಕ್ಕೆ ಕಾಲಿಟ್ಟಿತು. ಆ ದೇಶದ ಓದುಗರು ಕಾಸು ಕೊಡಬೇಕಾಗಿರಲಿಲ್ಲ. ಹೆಸರು ನೋಂದಾಯಿಸಿ ಗುಪ್ತಪದವೊಂದನ್ನು ಇಟ್ಟುಕೊಂಡರೆ ಸಾಕಿತ್ತು. ಬರಬರುತ್ತ ಇತರ ಪತ್ರಿಕೆಗಳೂ ಅದೇ ಹಾದಿ ಹಿಡಿದವು. ಜಾಹೀರಾತುದಾರರನ್ನು ಸೆಳೆಯಲು ಓದುಗರ ಪರಿಚಯವೇ ಬಂಡವಾಳವಲ್ಲವೇ!

ಒಂದು ಸುದ್ದಿಗಾಗಿ ಕುಲಗೋತ್ರವನ್ನೆಲ್ಲ ಒಪ್ಪಿಸಲು ಬೇಸತ್ತ ಅನೇಕರು ಸುಳ್ಳು ಹೆಸರು ಬರೆದರು. 2003ರಲ್ಲಿ ‘ಬಗ್‌ಮಿನಾಟ್’ ಎಂಬ ತಾಣವೇ ಹುಟ್ಟಿತು. ‘ನನ್ನನ್ನು ಪೀಡಿಸಬೇಡ’ ಎಂದು ಅದರ ಅರ್ಥ. ಒಬ್ಬರು ಅಲ್ಲಿ ಬರೆದಿಟ್ಟ ಹೆಸರು, ಗುಪ್ತಪದಗಳಿಂದ ಹಲವರು ಒಳಹೊಕ್ಕರು. ಪತ್ರಿಕೆಗಳ ದಫ್ತರದಲ್ಲಿ ಹೆಸರುಗಳೇನೋ ಬೆಳೆದವು. ಅವುಗಳ ಹಿಂದಿನ ಮನುಷ್ಯರು ಮಾತ್ರ ಸಿಗಲಿಲ್ಲ.

2011ರಲ್ಲಿ ‘ಟೈಮ್ಸ್’ ಹೆಚ್ಚು ಓದುವವರಿಂದ ಚಂದಾಹಣವನ್ನೇ ಕೇಳಿತು. ಹಣಕ್ಕಾದರೆ ಲೆಕ್ಕವುಂಟು, ಬಲವಂತದ ಪರಿಚಯಕ್ಕೆ ಬೆಲೆಯುಂಟೇ?